ಸುಮ್ನ ತಂದ ಚಿತ್ರಗಳು

ಸತ್ತ ಮೇಲೆ ನಮ್ಮ ಅಣ್ಣಾರಿಗೆ ಒಮ್ಮೆಲೇ ದೂರದೃಷ್ಟಿ ಬಂತು. ಬದುಕಿದ್ದಾಗ ಇದ್ದದ್ದು ಬರೀ ಹುಚ್ಚು. "ಮಾಗ ನಡಸೂ ಮನಶ್ಯಾಗ ಚಿತ್ರದ ಹುಚ್ಚ ಹಿಡದೈತಿ, ಪಾಪ, ಆ ಹೆಣ್ಮಗಳ ಹಣೇಬರಾ" ಅಂತ ಇಚಲಕರಂಜಿಯ ಶಹಾಪುರ ಭಾಗದ ನಮ್ಮ ಓಣಿಯಲ್ಲಿ ನಲ್ಲಿ ನೀರಿಗೆ ನಿಂತಾಗಲೆಲ್ಲ ಯಾರಾದರೊಬ್ಬರು ಅನ್ನುತ್ತಿದ್ದರು. ಅವರನ್ನು ಮಣ್ಣು ಮಾಡಿ ಬಂದ ವಾರದಲ್ಲೇ ಅದೇ ನಲ್ಲಿಯ ಮುಂದೆ ಅದೇ ಬಾಯಿಗಳು "ಭಾಳ ದೂರದೃಷ್ಟಿ ಇದ್ದ ಮನಶ್ಯಾ" ಅಂದವು. ಇಚಲಕರಂಜಿಯಲ್ಲಿ ದೂರದೃಷ್ಟಿ ಬರಬೇಕಾದರೆ ಮನುಷ್ಯ ಮೊದಲು ಕಣ್ಣು ಮುಚ್ಚಬೇಕು ಅಂತ ಕಾಣುತ್ತದೆ.

ಅವರ ಹೆಸರು ನಾನು ಬರೆಯುವುದಿಲ್ಲ. ಕೊಲ್ಹಾಪುರದ ಪ್ರದರ್ಶನದವರು ಅದನ್ನು ಬಾಗಿಲಿಗಿಂತ ದೊಡ್ಡದಾಗಿ ಗೋಡೆಯ ಮೇಲೆ ಬರೆಸಿದ್ದಾರೆ, ಅಷ್ಟು ಸಾಕು. ಮದುವೆಯಾಗಿ ಈ ಓಣಿಗೆ ಬಂದ ದಿನದಿಂದ ನಾನು ಅವರಿಗೆ ಅಣ್ಣಾರು ಅಂದೆ, ಅವರ ಹೆಂಡತಿಗೆ ವೈನಿ ಅಂದೆ. ಎರಡು ಮನೆಗಳಿಗೆ ಗೋಡೆ ಒಂದೇ. ಪವರ್‌ಲೂಮಿಗೆ ನಾವು ಮಾಗ ಅನ್ನುತ್ತೇವೆ, ಮರಾಠಿಯವರಿಂದ ತಂದು ಹಿಂದಕ್ಕೆ ಕೊಡದ ಮಾತು. ಅವರ ಮಾಗದ ಖಟಖಟ ನಮ್ಮ ಅಡಿಗೆಮನೆಗೆ ಬರುತ್ತಿತ್ತು, ನಮ್ಮ ಒಗ್ಗರಣೆಯ ಘಾಟು ಅವರ ಚಿತ್ರಗಳಿಗೆ ಹೋಗುತ್ತಿತ್ತು. ಇಬ್ಬರೂ ತಕರಾರು ಮಾಡಲಿಲ್ಲ.

ಮೊದಲ ಚಿತ್ರ ಬಂದದ್ದು ನೂಲಿನ ಟೆಂಪೋದಲ್ಲಿ, ಚೀಲಗಳ ಮೇಲೆ ಮಲಗಿಕೊಂಡು. ಬಾಗಿಲಿನಷ್ಟು ಉದ್ದ ಇತ್ತು. ಹಮಾಲನಿಗೆ ಕೈ ಹಚ್ಚಗೊಡದೆ ಅಣ್ಣಾರೇ ಇಳಿಸಿಕೊಂಡರು. ತಮ್ಮದೇ ಮಾಗದ ಬಟ್ಟೆಯಲ್ಲಿ ಸುತ್ತಿದ್ದರು. ಬಿಚ್ಚಿದರೆ ಒಳಗೆ ಬೂದಿಬಣ್ಣ. ಮೇಲಿನಿಂದ ಕೆಳಗಿನ ತನಕ ಬೂದಿಬಣ್ಣ. ಬಲಗಡೆ ಮೂಲೆಯಲ್ಲಿ ಒಂದು ಸಣ್ಣ ಬಿಳಿ ಗೆರೆ, ಯಾರೋ ಉಗುರಿನಿಂದ ಕೆರೆದ ಹಾಗೆ. ವೈನಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು.

"ಇನ್ನ ಬಣ್ಣಾ ಹಚ್ಚೂದ ಐತೇನ್ರಿ?"

"ಇಲ್ಲ. ಮುಗದೈತಿ."

"ಮುಗದೈತಿ? ನಾ ತಿಳದೆ, ಬರದಾಂವ ನಡುವ ಊಟಕ್ಕ ಎದ್ದ ಹೋಗ್ಯಾನಂತ. ಮತ್ತ ಇದನ್ಯಾಕ ತಂದ್ರಿ?"

ಅಣ್ಣಾರು ಬಲಗೈಯನ್ನು ಸೊಂಟದ ಎತ್ತರಕ್ಕೆ ತಂದು ಅಂಗೈ ಮೇಲಾಗಿ ಹೊರಳಿಸಿದರು, ಇದರಲ್ಲಿ ಏನೂ ಇಲ್ಲ ನೋಡು ಅನ್ನುವಂತೆ.

"ಸುಮ್ನ."

ಆ ಅಂಗೈಯನ್ನೂ ಆ ಮಾತನ್ನೂ ಅವರು ಜೀವ ಇರುವ ತನಕ ಜೋಡಿಯಾಗಿಯೇ ಉಪಯೋಗಿಸಿದರು. ನೂಲಿನ ದಲಾಲಿಯ ಜೊತೆ ಮರಾಠಿಯಲ್ಲಿ ಗಂಟೆಗಟ್ಟಲೆ ಜಗಳಾಡುವ ಮನುಷ್ಯ, ಚಿತ್ರದ ವಿಷಯ ಬಂದರೆ ಈ ಒಂದು ಕನ್ನಡ ಮಾತಿನ ಮೇಲೆ ಎರಡನೆಯದನ್ನು ಖರ್ಚು ಮಾಡುತ್ತಿರಲಿಲ್ಲ. ಒಮ್ಮೆ ನಾನೇ ಕೇಳಿದೆ: "ಅಣ್ಣಾರ, ಮರಾಠಿ ಮಂದಿ ಬಂದಾಗರೆ ಅವರಿಗೆ ತಿಳಿಯೂ ಹಂಗ 'ಉಗಾಚ' ಅನ್ರಿ. ಅದೂ ಅದ ಅಲ್ಲೇನು?"

"ಅಲ್ಲ ತಂಗಿ. ಉಗಾಚ ಅಂದ್ರ ವ್ಯರ್ಥ ಅಂದಂಗ ಆಕ್ಕೈತಿ. ಸುಮ್ನ ಅಂದ್ರ ವ್ಯರ್ಥ ಅಲ್ಲ."

"ಮತ್ತೇನು?"

"ಸುಮ್ನ ಅಂದ್ರ ಸುಮ್ನ."

ಇಷ್ಟು ಬಿಡಿಸಿ ಹೇಳಿದ ಮೇಲೆ ತಿಳಿಯದಿದ್ದರೆ ನನ್ನದೇ ತಪ್ಪು.

ಚಿತ್ರ ತರುವ ಅವರ ಪದ್ಧತಿಯೂ ಹಾಗೇ. ಕೊಲ್ಹಾಪುರದಲ್ಲಿ ಚಿತ್ರ ಕಲಿಯುವ ಹುಡುಗರು ಪ್ರದರ್ಶನ ಇಟ್ಟರೆ ಇವರು ಹೋಗುವುದು ಕೊನೆಯ ದಿನ, ಎಲ್ಲರೂ ಮೊಳೆ ಕೀಳುವ ಹೊತ್ತಿಗೆ. ಹೋಗಿ ಒಂದೇ ಪ್ರಶ್ನೆ: "ಯಾರೂ ಕೇಳಲಾರದ ಚಿತ್ರ ಯಾವುದು?" ಅದನ್ನೇ ಹೊತ್ತುಕೊಂಡು ಬರುವುದು. "ಸಂತಿ ಮುಗದ ಮ್ಯಾಲ ಹೋಗಿ ಉಳದ ಬದನಿಕಾಯಿ ತರೂ ಚಟ" ಅಂತ ವೈನಿ ಅನ್ನುತ್ತಿದ್ದರು. ಆ ಉಳಿದ ಬದನೆಕಾಯಿಗಳ ಪೈಕಿ ಕೆಲವರು ಈಗ ಪುಣೆ, ಮುಂಬಯಿಯಲ್ಲಿ ದೊಡ್ಡ ಹೆಸರು ಮಾಡಿದ್ದಾರಂತೆ. ಅದಕ್ಕೇ ದೂರದೃಷ್ಟಿ. ನಾನು ಕಂಡಂತೆ ಆ ಮನುಷ್ಯ ಯಾವ ದೂರವನ್ನೂ ನೋಡುತ್ತಿರಲಿಲ್ಲ, ಮೂಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತ ಹುಡುಗನನ್ನು ನೋಡುತ್ತಿದ್ದರು.

ಮನೆಯ ಗೋಡೆಗಳು ತುಂಬಿ ಚಿತ್ರಗಳು ಅಡಿಗೆಮನೆಗೂ ಬಂದವು. ಅದರಲ್ಲೊಂದಕ್ಕೆ ನಡುವಿನಿಂದ ಒಂದು ಕಬ್ಬಿಣದ ಸಳಿ ಹೊರಗೆ ಚಾಚಿತ್ತು. ಮನೆ ನಡೆಸುವವಳು ಚಾಚಿದ ಸಳಿಯನ್ನು ಕಂಡು ಏನು ಮಾಡುತ್ತಾಳೆ? ವೈನಿ ಅದಕ್ಕೆ ಚಹಾ ಸೋಸುವ ಜಾಳಿಗೆ ತೂಗುಹಾಕಿದರು. ನಾನು ಹೆದರಿ ಅಣ್ಣಾರ ಮುಖ ನೋಡಿದೆ. ಅವರು ಊಟ ಬಿಟ್ಟು ಎದ್ದು ಹಿಂದೆ ಸರಿದು ನಿಂತು, ತಲೆ ವಾರೆ ಮಾಡಿ ನೋಡಿ, "ಈಗ ಪೂರ್ತಿ ಆತು" ಅಂದು ಮತ್ತೆ ಊಟಕ್ಕೆ ಕೂತರು. ಜಾಳಿಗೆ ವರ್ಷಾನುಗಟ್ಟಲೆ ಅಲ್ಲೇ ಇತ್ತು. ಮುಂಬಯಿಯಿಂದ ನೋಡಲು ಬಂದವರೊಬ್ಬರು ಅದರ ಮುಂದೆ ಭಾಳ ಹೊತ್ತು ನಿಂತು "ಗೃಹಬಂಧನ" ಅಂದರು. ವೈನಿ ಅವರ ಕೈಯಿಂದಲೇ ಜಾಳಿಗೆ ತೆಗೆಸಿಕೊಂಡು ಅವರಿಗೇ ಚಹಾ ಸೋಸಿ ಕೊಟ್ಟರು.

ವೈನಿಯ ಮಾತು ಬಂತಲ್ಲ, ಅವರ ಸಿಟ್ಟಿನ ಮೂಲವನ್ನೂ ಹೇಳಿಬಿಡುತ್ತೇನೆ. ಅದು ಚಿತ್ರಗಳಿಗಿಂತ ಹಳೆಯದು. ಅವರ ತವರು ಮುರಗೂಡ. ಬಣ್ಣ ಕಪ್ಪು, ಹಲ್ಲು ಸ್ವಲ್ಪ ಮುಂದೆ. ನೋಡಲು ಬಂದ ಗಂಡುಗಳು ಅವಲಕ್ಕಿ ತಿಂದು, ಊರಿಗೆ ಹೋಗಿ ಬೇಡ ಅಂತ ಹೇಳಿ ಕಳಿಸುತ್ತಿದ್ದರು. ಅಣ್ಣಾರು ಮಾತ್ರ ಅವಲಕ್ಕಿ ಮುಟ್ಟದೆ ಅಲ್ಲೇ ಹೂಂ ಅಂದರು. ಮದುವೆಯಾದ ಹೊಸದರಲ್ಲಿ ವೈನಿ ಧೈರ್ಯ ಮಾಡಿ ಕೇಳಿದರಂತೆ: "ಎಲ್ಲಾರೂ ಬ್ಯಾಡ ಅಂದ್ರು. ನೀವು ಯಾಕ ನನ್ನ ಮಾಡ್ಕೊಂಡ್ರಿ?"

ಅಂಗೈ ಹೊರಳಿತು. "ಸುಮ್ನ."

"ಒಂದ ಮಾತು!" ಅಂತ ವೈನಿ ಶಾವಿಗೆ ಹೊಸೆಯುವಾಗ, ಅಕ್ಕಿ ಆರಿಸುವಾಗ, ನನ್ನ ಮಗಳ ಬಾಣಂತನದಲ್ಲಿ ಕೂಸಿಗೆ ಎಣ್ಣೆ ಹಚ್ಚುವಾಗ ನನಗೆ ಹೇಳಿದ್ದಾರೆ. "ಸ್ವಭಾವ ಛಲೋ ಅನಸ್ತು ಅನಬೇಕಿತ್ತು. ಕಣ್ಣ ಛಲೋ ಅದಾವು ಅನಬೇಕಿತ್ತು. ಸುಳ್ಳರೆ ಹೇಳಬೇಕಿತ್ತ ಯವ್ವಾ. ಸುಮ್ನ ಅಂತ! ನಾ ಏನ ಹಾದ್ಯಾಗ ಬಿದ್ದಿದ್ನೇನು?"

ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ. ಗೋಡೆಯ ಮೇಲಿನ ಚಿತ್ರಗಳಿಗೆ ಅವರು ಇಟ್ಟ ಹೆಸರು 'ಸವತ್ಯಾರು'.

ನನ್ನ ಪಾಲಿಗೆ ಆ ಸವತಿಯರಲ್ಲಿ ಒಬ್ಬಾಕೆಯ ಋಣವಿದೆ. ನಮ್ಮವ್ವ ತೀರಿಕೊಂಡ ಸುದ್ದಿ ಬಂದ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ವೈನಿಯನ್ನು ಹುಡುಕಿಕೊಂಡು ಹೋದೆ, ಅವರೂ ಪೇಟೆಗೆ ಹೋಗಿದ್ದರು. ಅಣ್ಣಾರು ನನ್ನ ಮುಖ ನೋಡಿದರು. ತಾವು ಕೂತಿದ್ದ ಕುರ್ಚಿಯನ್ನು ಬೂದಿಬಣ್ಣದ ಆ ಮೊದಲ ಚಿತ್ರದ ಎದುರಿಗೆ ಹೊರಳಿಸಿ ಕೂಡು ಅಂತ ಸನ್ನೆ ಮಾಡಿ, ಮಾಗದ ಕಡೆ ಹೋಗಿಬಿಟ್ಟರು. ಕೂತೆ. ಚಿತ್ರದಲ್ಲಿ ನನಗೆ ಏನೂ ಕಾಣಲಿಲ್ಲ, ಇದ್ದರೆ ತಾನೇ ಕಾಣುವುದಕ್ಕೆ. ದಿನಾ ಪೂಜೆಗೆ ಕೂತು ಹಣೆಗೆ ಹಚ್ಚಿಕೊಳ್ಳುವ ವಿಭೂತಿಯ ಬಣ್ಣ, ಅಷ್ಟೇ. ಆದರೆ ಅದರ ಮುಂದೆ ಅತ್ತಾಗ ನನಗೆ ಯಾರೂ ಸಮಾಧಾನ ಹೇಳಲಿಲ್ಲ. ಅವ್ವ ಸತ್ತ ದಿನ ಸಮಾಧಾನ ಹೇಳದ ಒಂದು ಜಾಗ ಸಿಗುವುದು ಸಣ್ಣ ದಯೆಯಲ್ಲ. ಮರುದಿನ ಲಿಂಗಪೂಜೆಯಲ್ಲಿ ಅದನ್ನೂ ಶಿವನ ಮುಂದೆ ಎಣಿಸಿದೆ. ನಿನ್ನೆ ಆದ ಒಳ್ಳೆಯದನ್ನು ಎಣಿಸಿ ಪೂಜೆ ಮುಗಿಸುವುದು ನನ್ನ ರೂಢಿ. ಬೇಡುತ್ತ ಕೂತರೆ ಅಡಿಗೆಗೆ ಹೊತ್ತಾಗುತ್ತದೆ.

ಅಣ್ಣಾರು ತೀರಿಕೊಳ್ಳುವ ಹಿಂದಿನ ಚಳಿಗಾಲದಲ್ಲಿ ಕೊಲ್ಹಾಪುರದಿಂದ ಒಬ್ಬ ಮ್ಯಾಡಮ್ ಬಂದರು. ದುಂಡನೆಯ ದೊಡ್ಡ ಚಾಳೀಸು, ಸೆಣಬಿನ ಚೀಲ, ಕೈಯಲ್ಲಿ ಕೋಲಿಗೆ ಸಿಗಿಸಿದ ಫೋನು. ತಾವು ಚಿತ್ರ ಪ್ರದರ್ಶನ ಹೊಂದಿಸುವ ಕ್ಯುರೇಟರ್ ಅಂದರು. ಕರೆಂಟು ಹೋಗುವ ಊರಿನ ಕಿವಿ ನಮ್ಮದು, ವೈನಿಗೆ ಅದು ಜನರೇಟರ್ ಅಂತ ಕೇಳಿಸಿತು. ಅಂದಿನಿಂದ ಅವರು ನಮಗೆ ಜನರೇಟರ್ ಮ್ಯಾಡಮ್. ಅಣ್ಣಾರನ್ನು ಚಿತ್ರದಿಂದ ಚಿತ್ರಕ್ಕೆ ನಿಲ್ಲಿಸಿಕೊಂಡು ಏನೇನೋ ಕೇಳಿ ಎಲ್ಲ ಫೋನಿನಲ್ಲಿ ತುಂಬಿಕೊಂಡು ಹೋದರು. ವೈನಿ, ನಾನು ಒಳಗೆ ಕರ್ಚಿಕಾಯಿ ಕರಿಯುತ್ತಿದ್ದೆವು. ಹೊರಗೆ ಏನು ಮಾತಾಯಿತು ಅಂತ ನಮಗೆ ಗೊತ್ತಿಲ್ಲ. ಇಷ್ಟು ಗೊತ್ತು, ಜೀವನವೆಲ್ಲ ಮಾಗದ ಸಪ್ಪಳದಲ್ಲಿ ಕಳೆದ ಅಣ್ಣಾರಿಗೆ ಆಗ ಕಿವಿ ಅರ್ಧ ಹೋಗಿತ್ತು. ಅರ್ಧ ಕೇಳಿದವರು ಪೂರ್ತಿ ಹೂಂ ಅನ್ನುತ್ತಾರೆ.

ಸಾವೂ ಅವರ ಸ್ವಭಾವದಂತೆಯೇ ಬಂತು. ಬೂದಿಬಣ್ಣದ ಚಿತ್ರದ ಎದುರಿಗೆ ಕುರ್ಚಿಯಲ್ಲಿ ಕೂತಿದ್ದರು. ವೈನಿ ಚಹಾ ಇಟ್ಟು ಹೋದರು. ಮತ್ತೆ ಬಂದು ನೋಡಿದರೆ ಚಹಾಕ್ಕೆ ಕೆನೆ ಕಟ್ಟಿತ್ತು, ಅವರು ಇನ್ನೂ ಚಿತ್ರ ನೋಡುತ್ತಲೇ ಇದ್ದರು. ನಮ್ಮಲ್ಲಿ ಹೋದವರನ್ನು ಕೂಡಿಸಿಯೇ ಮಣ್ಣು ಮಾಡುತ್ತಾರೆ. ಇವರು ಮೊದಲೇ ಕೂತಿದ್ದರು. ಹೊತ್ತವರಿಗೆ ತ್ರಾಸು ಕಡಿಮೆ ಆಯಿತು ಅಂತ ಅದನ್ನೂ ನಾನು ದಯೆಯ ಲೆಕ್ಕಕ್ಕೇ ಹಾಕಿದೆ.

ವರ್ಷದ ಪುಣ್ಯಸ್ಮರಣೆ ಹತ್ತಿರ ಬಂದಾಗ ಆಮಂತ್ರಣ ಬಂತು. ದಪ್ಪ ಕಾಗದ, ಮರಾಠಿ ಅಕ್ಷರ. ಅಣ್ಣಾರ ನೆನಪಿಗೆ ಕೊಲ್ಹಾಪುರದಲ್ಲಿ ಸಮೂಹ ಪ್ರದರ್ಶನ. ಅವರು ಕೂಡಿಟ್ಟ ಚಿತ್ರಗಳು, ಜೊತೆಗೆ ಅವರು ಯಾರ ಮೊದಲ ಚಿತ್ರ ಕೊಂಡಿದ್ದರೋ ಆ ಕಲಾವಿದರೆಲ್ಲ ಹೊಸದಾಗಿ ಮಾಡಿದ ಕೃತಿಗಳು. ಚಿತ್ರಗಳನ್ನು ಪರಊರಲ್ಲಿ ನೌಕರಿ ಮಾಡುವ ಅಣ್ಣಾರ ಮಗ ಬಂದು ಮೊದಲೇ ಕಳಿಸಿಕೊಟ್ಟಿದ್ದ. ಎಲ್ಲ ಛಲೋ ಇತ್ತು. ಪ್ರದರ್ಶನದ ಹೆಸರು ಮಾತ್ರ 'ಸುಮನಚ್ಯಾ ಶೋಧಾತ'. ಅಂದರೆ, ಸುಮನ್‌ಳನ್ನು ಹುಡುಕುತ್ತ. ಒಳಗಿನ ಪುಟದಲ್ಲಿ ಬರೆದಿತ್ತು: ತಮ್ಮ ಸಂಗ್ರಹದ ಪ್ರತಿಯೊಂದು ಚಿತ್ರವನ್ನೂ ಅವರು ಒಬ್ಬ ಹೆಣ್ಣಿನ ಹೆಸರಿನಿಂದಲೇ ಕರೆದರು. ಆಕೆ ಯಾರೆಂದು ಅವರು ಕೊನೆಯವರೆಗೂ ಹೇಳಲಿಲ್ಲ.

ವೈನಿ ಓದಿದರು. ನನ್ನ ಕೈಗೆ ಕೊಟ್ಟರು. ನಾನು ಓದಿದೆ.

"ಯಾವಾಕಿ ಈಕಿ?" ಅಂದರು.

"ಏನರೆ ತಪ್ಪಾಗಿರಬೇಕ್ರಿ ವೈನಿ."

"ತಪ್ಪಾಗಿ ಕಾರ್ಡ್ ಅಚ್ಚ ಹಾಕಸ್ತಾರ?"

ಮೂರನೆಯ ದಿನ ಗಡಹಿಂಗ್ಲಜದಿಂದ ಅಣ್ಣಾರ ತಂಗಿ ಬಂದರು. ಕೈಯಲ್ಲಿ ಬೆಲ್ಲದ ಹೆಂಟೆ, ಬಾಯಲ್ಲಿ ಬೇರೆಯದು. ಅವರಿಗೂ ಕಾರ್ಡು ಮುಟ್ಟಿತ್ತು.

"ನಾ ಹೇಳಬಾರದ ವೈನಿ, ಆದ್ರೂ ಹೇಳತೇನಿ. ನಮ್ಮ ಗಡಹಿಂಗ್ಲಜದಾಗ ಒಬ್ಬಾಕಿ ಸುಮನ್ ಬಾಯಿ ಇದ್ಲು, ಹೊಲಿಗಿ ಕ್ಲಾಸ್ ತಗೀತಿದ್ಲು. ಅಣ್ಣಾ ನೂಲಿನ ಕೆಲಸಕ್ಕ ಬಂದಾಗೊಮ್ಮೆ ಆಕಿ ಮನಿ ಮುಂದನ ಸೈಕಲ್ ನಿಲ್ಲಸ್ತಿದ್ದ."

"ಅಲ್ಲೇ ಯಾಕ್ರಿ?" ಅಂತ ನಾನು ಕೇಳಿದೆ.

"ಅಲ್ಲೆ ಪಂಕ್ಚರ್ ಅಂಗಡಿ ಇತ್ತು."

"ಹಂಗಾರ ಪಂಕ್ಚರ್ ತಗಸಾಕ ನಿಲ್ಲಿಸಿರಬೇಕು."

"ಬಂದಾಗೊಮ್ಮೆ ಪಂಕ್ಚರ್ ಆಕ್ಕೈತೇನ ಯಾರಿಗರೆ?"

ಗಡಹಿಂಗ್ಲಜದ ರಸ್ತೆಗಳನ್ನು ಬಲ್ಲ ಯಾರಾದರೂ ಆಕ್ಕೈತಿ ಅನ್ನುತ್ತಿದ್ದರು. ಆದರೆ ವೈನಿಯ ಮುಖ ನೋಡಿ ನಾನು ಬಾಯಿ ಮುಚ್ಚಿದೆ. ಅವರು ಜಗಳ ಮಾಡಿದ್ದರೆ ನನಗೆ ಹೆದರಿಕೆ ಇರಲಿಲ್ಲ. ಎದ್ದು ಹೋಗಿ ಅಣ್ಣಾರ ಫೋಟೋದ ಮಾಲೆ ತೆಗೆದರು. ಫೋಟೋವನ್ನು ಗೋಡೆಯ ಕಡೆ ಹೊರಳಿಸಿ ಇಟ್ಟರು. ನಾದಿನಿ ಹೋದ ಮೇಲೆ ನನಗೆ ಮೆಲ್ಲಗೆ ಅಂದರು:

"ಅದಕ್ಕ ಸುಮ್ನ ಅಂದಿದ್ರು ನೋಡ. ನನ್ನ ಮಾಡ್ಕೊಳ್ಳಾಕ ಕಾರಣನ ಇರಲಿಲ್ಲ. ಕಾರಣಾ ಬ್ಯಾರೇ ಕಡೆ ಇತ್ತು."

ಅವತ್ತಿನಿಂದ ಮಾಲೆ ಇಲ್ಲ, ಫೋಟೋದ ಮುಂದೆ ದೀಪ ಇಲ್ಲ. ಊಟವೂ ಅರ್ಧ. ಅಷ್ಟು ವರ್ಷದ ಸಂಸಾರವನ್ನು ಒಂದು ದಪ್ಪ ಕಾಗದ ನುಂಗುತ್ತಿತ್ತು. ನಾನೂ ಸುಳ್ಳು ಹೇಳುವುದಿಲ್ಲ, ಒಳಗೊಳಗೇ ಹಳಹಳಿ ಆಯಿತು. ನಮ್ಮವ್ವನಿಗಾಗಿ ನಾನು ಅತ್ತದ್ದು ಯಾವಳೋ ಹೊಲಿಗೆ ಬಾಯಿಯ ಮುಂದೆಯೇ? ಪ್ರದರ್ಶನದ ಉದ್ಘಾಟನೆಗೆ ದೀಪ ಹಚ್ಚಲು ವೈನಿಯೇ ಬರಬೇಕು ಅಂತ ಜನರೇಟರ್ ಮ್ಯಾಡಮ್ ಫೋನು ಮಾಡಿದಾಗ, ಬೇಡ ಅನ್ನುತ್ತಾರೆ ಅಂದುಕೊಂಡಿದ್ದೆ.

"ಬರತೇನಿ ಅಂತ ಹೇಳ" ಅಂದರು ವೈನಿ. "ಆಕಿನೂ ಬಂದಿರ್ತಾಳ. ಒಮ್ಮಿ ನೋಡಬೇಕ."

ಹೋಗುವ ದಿನ ವೈನಿ ಅಣ್ಣಾರು ತಂದ ಇಳಕಲ್ ಸೀರೆ ಉಟ್ಟರು, ಯುದ್ಧಕ್ಕೆ ಹೊರಟವರ ಹಾಗೆ. ಅವತ್ತು ನಲ್ಲಿ ನೀರು ಬೇಗ ಬಂತು. ಸಿಲಿಂಡರ್ ನಡುವೆ ಖಾಲಿಯಾಗದೆ ಬುತ್ತಿಯ ಧಪಾಟಿ ರೊಟ್ಟಿ ಸುಡುವ ತನಕ ತಡೆಯಿತು. ಕರೆದೊಯ್ಯಲು ಅವರೇ ಕಾರು ಕಳಿಸಿದ್ದರು. ಕೊಲ್ಹಾಪುರ ಮುಟ್ಟಿ ಅಂಬಾಬಾಯಿಯ ಗುಡಿಗೆ ಹೋದರೆ ಸಾಲೂ ಸಣ್ಣದಿತ್ತು. ದೊಡ್ಡದನ್ನು ಕೊಡುವಾಗ ದೇವರು ಕೈ ಬಿಗಿ ಹಿಡಿಯುತ್ತಾನೆ, ಇಂಥ ಸಣ್ಣದಕ್ಕೆ ಧಾರಾಳಿ. ನಾನು ಅಂಬಾಬಾಯಿಯ ಮುಂದೆ ಒಂದೇ ಮಾತು ಬೇಡಿದೆ: ತಾಯಿ, ಆ ಸುಮನ್ ಇವತ್ತು ಬರದೇ ಇರಲಿ, ಅಥವಾ ಬಂದರೆ ವೈನಿಗಿಂತ ಚೆಂದ ಇರದೇ ಇರಲಿ.

ಪ್ರದರ್ಶನದ ಬಾಗಿಲಲ್ಲಿ ಆ ನಾದಿನಿ, ಗಡಹಿಂಗ್ಲಜದ ಅಕ್ಕಾರು, ಮೊದಲೇ ಬಂದು ನಿಂತಿದ್ದರು, ಬರುವ ಒಬ್ಬೊಬ್ಬ ವಯಸ್ಸಾದ ಹೆಂಗಸಿನ ಮುಖ ಪರೀಕ್ಷೆ ಮಾಡುತ್ತ.

ಒಳಗೆ ಸುಮನ್‌ಳನ್ನು ಹುಡುಕುವ ಕೆಲಸ ಭರದಿಂದ ನಡೆದಿತ್ತು. ಒಬ್ಬ ಕಲಾವಿದರು ಖಾಲಿ ಕುರ್ಚಿಯ ಮೇಲೆ ಮಲ್ಲಿಗೆ ದಂಡೆ ಇಟ್ಟಿದ್ದರು. ಕೆಳಗೆ 'ಸುಮನ್‌ಳ ಅನುಪಸ್ಥಿತಿ' ಅಂತ ಬರೆದಿತ್ತು. ಇನ್ನೊಬ್ಬರು ಸೀರೆಗೆ ಗಂಜಿ ಹಾಕಿ ಒಳಗೆ ಹೆಂಗಸಿಲ್ಲದೆಯೇ ನಿಲ್ಲಿಸಿದ್ದರು. "ಇಷ್ಟ ಗಂಜಿ ಹಾಕಿದ್ರ ಯಾರ ಸೀರಿನೂ ನಿಲ್ಲತೈತಿ" ಅಂದರು ವೈನಿ, ಆದರೆ ದನಿಯಲ್ಲಿ ಜೀವ ಇರಲಿಲ್ಲ. ಮತ್ತೊಂದು ಕೋಣೆ ಪೂರ್ತಿ ಕತ್ತಲು, ಎಲ್ಲಿಂದಲೋ ಗೆಜ್ಜೆ ಸಪ್ಪಳ. ಅಲ್ಲಿ ನನ್ನ ಮೊಣಕಾಲು ಯಾವುದಕ್ಕೋ ಬಡಿಯಿತು. ಅದೂ ಕಲೆಯೇ ಇರಬೇಕು, ಮುರಿಯಲಿಲ್ಲ, ಪುಣ್ಯ.

ಅಣ್ಣಾರ ಹಳೆಯ ಚಿತ್ರಗಳು ನಡುವಿನ ಗೋಡೆಯ ಮೇಲಿದ್ದವು. ತೊಳೆದು, ಒರೆಸಿ, ದೀಪ ಬಿಟ್ಟಿದ್ದರು. ನಮ್ಮ ಮನೆಯ ಒಗ್ಗರಣೆಯ ವಾಸನೆ ಹೋಗಿ ಪರಕೀಯರಂತೆ ಕಾಣುತ್ತಿದ್ದವು. ಸಳಿಯ ಚಿತ್ರವೂ ಇತ್ತು, ಜಾಳಿಗೆ ಇರಲಿಲ್ಲ. ಪ್ರತಿಯೊಂದರ ಕೆಳಗೂ ಮರಾಠಿಯಲ್ಲಿ ಒಂದೇ ಹೆಸರು, ಸುಮನ, ಸುಮನ, ಸುಮನ. ಬೂದಿಬಣ್ಣದ ಚಿತ್ರದ ಪಕ್ಕದಲ್ಲಿ ಒಂದು ಟೀವಿ ಹಚ್ಚಿದ್ದರು. ಅದರೊಳಗೆ ಅಣ್ಣಾರು ನಿಂತಿದ್ದರು.

ವೈನಿಯ ಕಾಲು ಅಲ್ಲೇ ನಿಂತವು. ನಾನು ಅವರ ಕೈ ಹಿಡಿದೆ.

ಟೀವಿಯಲ್ಲಿ ಜನರೇಟರ್ ಮ್ಯಾಡಮ್‌ನ ದನಿ ಕೇಳಿತು: "ಕಾಕಾ, ಹ್ಯಾ ಚಿತ್ರಾಚಂ ನಾವ ಕಾಯ?" ಈ ಚಿತ್ರದ ಹೆಸರೇನು ಅಂತ.

ಅಣ್ಣಾರು ಕಿವಿಯ ಹಿಂದೆ ಕೈ ಇಟ್ಟು ಕೇಳಿಸಿಕೊಂಡರು. ಆ ಕೈ ಕೆಳಗಿಳಿದು ಸೊಂಟದ ಹತ್ತಿರ ಬಂತು. ಅಂಗೈ ಹೊರಳಿತು.

"ಸುಮ್ನ" ಅಂದರು.

ಕೆಳಗೆ ಮರಾಠಿಯಲ್ಲಿ ಅಕ್ಷರ ಮೂಡಿದವು: ಸುಮನ.

ಮುಂದಿನ ಚಿತ್ರ. "ಆಣಿ ಹ್ಯಾಚಂ?" ಅಂಗೈ ಹೊರಳಿತು. "ಸುಮ್ನ." ಅಕ್ಷರ ಮೂಡಿತು, ಸುಮನ. ಅದರ ಮುಂದಿನದು. "ಹೀ ಪಣ ಸುಮನ?" ಅಂತ ಮ್ಯಾಡಮ್‌ನ ದನಿ ಗುಡಿಯೊಳಗೆ ಮಾತಾಡುವವರಂತೆ ಸಣ್ಣದಾಯಿತು. ಇದೂ ಸುಮನಳೇ? ಅಣ್ಣಾರು ತಮ್ಮ ಅರ್ಧ ಕಿವಿಯಿಂದ ಕೇಳಿ ಪೂರ್ತಿ ಹೂಂ ಅಂದರು. "ಹೌದು, ಎಲ್ಲಾ ಸುಮ್ನ."

ವೈನಿಯ ಬೆರಳುಗಳು ನನ್ನ ಮಣಿಕಟ್ಟಿಗೆ ಬಳೆಗಳು ಒತ್ತುವಷ್ಟು ಬಿಗಿಯಾದವು. ಅವರ ಹೆಗಲು ಅಲುಗತೊಡಗಿತು. ಸೆರಗನ್ನು ಬಾಯಿಗೆ ತುರುಕಿಕೊಂಡರು. ಸುತ್ತ ನಿಂತ ಕಲಾವಿದರು ಪಾಪ, ವಿಧವೆಯ ದುಃಖ ಅಂತ ತಲೆ ತಗ್ಗಿಸಿ ದೂರ ಸರಿದರು. ಹತ್ತಿರವಿದ್ದ ನನಗೆ ಮಾತ್ರ ಗೊತ್ತಾಯಿತು, ವೈನಿ ನಗುತ್ತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ನಗುತ್ತಿದ್ದರು.

"ಸುಮ್ನ ಅಂದಾರ ಯವ್ವಾ! ಸುಮ್ನ!"

"ಹೌದ್ರಿ ವೈನಿ."

"ಈ ಮಂದಿ ಎಲ್ಲಾ ಕೂಡಿ..." ಗಂಜಿ ಹಾಕಿದ ಸೀರೆಯ ಕಡೆ ಕೈ ಮಾಡಿ ಮತ್ತೆ ಸೆರಗು ಕಚ್ಚಿಕೊಂಡರು.

ಮನೆಯಲ್ಲಿ ದಿನಕ್ಕೆ ಹತ್ತು ಸಲ ಆಡುವ ಮಾತು ನಮಗ್ಯಾಕೆ ಹೊಳೆಯಲಿಲ್ಲ ಅಂತ ನೀವು ಕೇಳಬಹುದು. ಮರಾಠಿಯಲ್ಲಿ ಅಚ್ಚಾದದ್ದನ್ನು ನಾವು ಮರಾಠಿಯಲ್ಲೇ ಓದುತ್ತೇವೆ. ಗಡಿಯಲ್ಲಿ ಬಾಳುವವರಿಗೆ ಇಷ್ಟಾದರೂ ಶಿಸ್ತು ಬೇಕಲ್ಲ.

"ನಡೀರಿ, ಮ್ಯಾಡಮ್‌ಗ ಹೇಳೂಣು" ಅಂದೆ ನಾನು. ಅಷ್ಟರಲ್ಲಿ ಮೈಕು ಶುರುವಾಯಿತು. ಮುಖ್ಯ ಅತಿಥಿಗಳು ಅಣ್ಣಾರ ದೂರದೃಷ್ಟಿಯನ್ನು ಹೊಗಳಿದರು. ಇದೇ ಮಹಾಶಯರು ಒಮ್ಮೆ ಮನೆಗೆ ಬಂದಾಗ ಬೂದಿಬಣ್ಣದ ಚಿತ್ರಕ್ಕೆ ಬೆನ್ನು ಹಚ್ಚಿ ಕೂತು, ಅಂಗಿಗೆ ಸುಣ್ಣ ಹತ್ತಿತೇನೋ ಅಂತ ಜಾಡಿಸಿಕೊಂಡಿದ್ದು ನನಗೆ ನೆನಪಿದೆ. ಆಮೇಲೆ ಮ್ಯಾಡಮ್ ಮಾತಾಡಿದರು. ಸುಮನ ಒಬ್ಬ ಹೆಣ್ಣಿರಬಹುದು, ಒಂದು ಹಂಬಲ ಇರಬಹುದು, ಪ್ರತಿ ಗಂಡಸಿನ ಎದೆಯಲ್ಲಿ ಒಬ್ಬ ಸುಮನ ಇರುತ್ತಾಳೆ ಅಂದರು. ಮುಂದಿನ ಸಾಲಿನ ಗಂಡಸರು ತಮ್ಮ ತಮ್ಮ ಹೆಂಡಿರ ಕಡೆ ನೋಡಲಿಲ್ಲ. ಕೊನೆಗೆ ದನಿ ಒದ್ದೆ ಮಾಡಿಕೊಂಡು, ಆ ಮಹಾನ್ ಪ್ರೇಮವನ್ನು ಮೌನವಾಗಿ ಸಹಿಸಿದ ಪತ್ನಿ ಇಂದು ನಮ್ಮ ಮಧ್ಯೆ ಇದ್ದಾರೆ, ಅವರು ಎರಡು ಮಾತು ಆಡಬೇಕು ಅಂದರು.

ಎಲ್ಲರೂ ಹೊರಳಿ ವೈನಿಯನ್ನು ನೋಡಿದರು. ಆ ನೋಟದಲ್ಲಿದ್ದ ಕನಿಕರ ನನಗೆ ಮೈಯೆಲ್ಲ ಉರಿಸಿತು. ಗಡಹಿಂಗ್ಲಜದ ಅಕ್ಕಾರು ಮುಂದಿನ ಸಾಲಿನಲ್ಲಿ ಕತ್ತು ಚಾಚಿ ಕೂತಿದ್ದರು. ಈಗ ವೈನಿ ಒಂದೇ ಮಾತಿನಲ್ಲಿ ಗುಳ್ಳೆ ಒಡೆಯುತ್ತಾರೆ, ಗೆಜ್ಜೆ, ಕುರ್ಚಿ, ಗಂಜಿ ಸೀರೆ ಎಲ್ಲ ಕುಸಿದು ಬೀಳುತ್ತದೆ ಅಂತ ನಾನು ಸೆರಗು ಸರಿಮಾಡಿಕೊಂಡು ತಯಾರಾದೆ.

ವೈನಿ ಮೈಕಿನ ಮುಂದೆ ನಿಂತರು. ಬೂದಿಬಣ್ಣದ ಚಿತ್ರವನ್ನು ಒಮ್ಮೆ ನೋಡಿದರು. ಟೀವಿಯಲ್ಲಿ ಅಣ್ಣಾರು ಇನ್ನೂ ಅಂಗೈ ಹೊರಳಿಸುತ್ತಲೇ ಇದ್ದರು.

"ಸುಮನ ಮ್ಹಣಜೆ ಮೀಚ" ಅಂದರು. ಸುಮನ ಅಂದರೆ ನಾನೇ.

ಮುಂದಿನ ಸಾಲಿನವರು ಎದ್ದು ನಿಂತರು. ಆಮೇಲೆ ಚಪ್ಪಾಳೆ. ಮ್ಯಾಡಮ್ ಚಾಳೀಸು ತೆಗೆದು ಕಣ್ಣು ಒರೆಸಿಕೊಂಡು ವೈನಿಯನ್ನು ತಬ್ಬಿಕೊಂಡರು. ಕಲಾವಿದರು ಸಾಲಾಗಿ ಬಂದು ಕಾಲು ಮುಟ್ಟಿದರು. ಗಂಜಿ ಸೀರೆಯವರಂತೂ ಅದರ ಪಕ್ಕದಲ್ಲೇ ವೈನಿಯನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಗಡಹಿಂಗ್ಲಜದ ಅಕ್ಕಾರು ಜನರನ್ನು ತಳ್ಳಿಕೊಂಡು ಬಂದರು.

"ಅಲ್ಲ ವೈನಿ, ನಿಮ್ಮ ಹೆಸರು ಸುಮನ್ ಎಲ್ಲೈತ್ರಿ?"

"ಗಂಡ ಹೆಣ್ತಿ ನಡುವಿನ ಹೆಸರು ಊರಿಗೆಲ್ಲಾ ಹೇಳಿ ಇಟ್ಕೋತಾರೇನವಾ?" ಅಂದರು ವೈನಿ. "ನೀ ಆ ಹೊಲಿಗಿ ಬಾಯಿಗೆ ನನ್ನ ನಮಸ್ಕಾರ ಹೇಳ. ಪಂಕ್ಚರ್ ಅಂಗಡಿಯವಗೂ ಹೇಳ."

ಬೆರಳಿನಷ್ಟು ಕಾಗದದ ಕಪ್ಪಿನಲ್ಲಿ ಚಹಾ ಕೊಟ್ಟರು, ಜೊತೆಗೆ ಒಂದು ಬಿಸ್ಕೀಟು. ಹೊರಡುವಾಗ ನೋಡಿದರೆ ನಮ್ಮನ್ನು ಕರೆತಂದ ಕಾರು ಮುಖ್ಯ ಅತಿಥಿಯನ್ನು ಬಿಡಲು ಹೋಗಿತ್ತು. ಇಚಲಕರಂಜಿಯ ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಇಬ್ಬರಿಗೂ ಕೂಡಿಯೇ ಸಿಕ್ಕಿತು. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ಧಪಾಟಿ ಬಿಚ್ಚಿದೆವು. ವೈನಿ ಎಷ್ಟೋ ದಿನದ ಮೇಲೆ ಪೂರ್ತಿ ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದರು.

"ಸ್ಟ್ಯಾಂಡಿನ್ಯಾಗ ಇಳದ ಕೂಡ್ಲೆ ಮಾಲಿ ತಗೋಬೇಕ" ಅಂದರು. "ಫೋಟೋ ಬರೇ ಐತಿ."

ಇಷ್ಟು ಹೊತ್ತು ತಡೆದಿದ್ದೆ, ಇನ್ನು ಆಗಲಿಲ್ಲ. "ವೈನಿ, ಖರೆ ಹೇಳಬೇಕಿತ್ರಿ. ಅದು ಹೆಸರಲ್ಲ, ಸುಮ್ನ ಅಂದಾರ ಅಂತ ಒಂದ ಮಾತು ಹೇಳಿದ್ರ ಆ ಮಂದಿ ಮಾರಿ ನೋಡೂ ಹಂಗ ಆಗ್ತಿತ್ತು."

"ನಾ ಖರೇನ ಹೇಳೇನಿ."

"ನೀವು ಸುಮನ್ ಹ್ಯಾಂಗ ಆಗ್ತೀರಿ?"

ವೈನಿ ಕಿಟಕಿಯ ಹೊರಗೆ ನೋಡಿದರು. ಹೊರಗೆ ಕಬ್ಬಿನ ಗದ್ದೆಗಳ ಮೇಲೆ ಬಿಸಿಲು ಇಳಿಯುತ್ತಿತ್ತು.

"ನನ್ನ ಯಾಕ ಮಾಡ್ಕೊಂಡ್ರಿ ಅಂತ ಕೇಳಿದಾಗ ಅವರು ಏನಂದಿದ್ರು? ನಿನಗ ಹೇಳಿ ಹೇಳಿ ನನ್ನ ಬಾಯಿ ಸವದೈತಿ."

"ಸುಮ್ನ ಅಂದಿದ್ರು."

ವೈನಿ ಮಡಿಲಲ್ಲಿದ್ದ ಬಲಗೈಯನ್ನು ಎತ್ತಿ, ಧಪಾಟಿಯ ಎಣ್ಣೆ ಹತ್ತಿದ ಅಂಗೈಯನ್ನು ಮೆಲ್ಲಗೆ ಹೊರಳಿಸಿದರು.

"ಮತ್ತ?" ಅಂದರು.